ಕಿರುತೆರೆಯ ಕೊಲೆಗಾರರೂ ನೋಡುವವರ ಕನಿಕರವೂ

೧೯೫೨ನೆಯ ಇಸವಿಯ ಮಾರ್ಚಿ ತಿಂಗಳ ಮೊದಲನೆಯ ದಿನದಿಂದ ಅಮೆರಿಕದ ಟೆಲಿವಿಷನ್ ಕೇಂದ್ರಗಳು ತಾವಾಗಿಯೇ ಒಪ್ಪಿಕೊಂಡು ಅನುಸರಿಸತೊಡಗಿದ ನೀತಿಸಂಹಿತೆಯೊಂದರಲ್ಲಿ, ಅಪರಾಧವನ್ನು ತೋರಿಸುವಾಗ ಅದು ಅನಪೇಕ್ಷಣೀಯವೆಂದೂ ಸಹಾನುಭೂತಿಗೆ ಅನರ್ಹವೆಂದೂ ಕಾಣುವಂತೆಯೇ ತೋರಿಸತಕ್ಕದ್ದು, ಅದನ್ನು ಮನ್ನಿಸುವುದಾಗಲಿ ಹಗುರವಾಗಿ ಕಾಣುವುದಾಗಲಿ ಸಲ್ಲದು ಎಂಬರ್ಥದ ವಿಧಿಯೊಂದಿದ್ದಿತು. ಆ ವಿಧಿಯನ್ನು ಬರೆದವರನ್ನು ಸಂಕುಚಿತಮನಸ್ಕರೆಂದು ತಳ್ಳಿಹಾಕುವುದು ನ್ಯಾಯವಾಗಲಾರದು. ನಾಟಕಶಾಲೆಗೆ ಹೋಗುವವನು ಟಿಕೀಟು ಕೊಂಡು, ಇಂಥದನ್ನು ನೋಡಬೇಕೆಂದು ಮನಸ್ಸು ಮಾಡಿಕೊಂಡು ಹೋಗುತ್ತಾನೆ. ಟೆಲಿವಿಷನ್ನಾದರೋ ಕರೆಯದೆಯೇ ನಡುಮನೆಗೆ ಬಂದು, ಊಟಕ್ಕೆ ಕುಳಿತ ಮುದುಕರ ಮುಂದೆಯೂ ಆಡುತ್ತಿರುವ ಮಕ್ಕಳ ಮುಂದೆಯೂ ತನ್ನ ಕಥೆಯನ್ನು ಹೇಳತೊಡಗುತ್ತದೆ. ಹಾಗಿರುವಲ್ಲಿ ಕೊಲೆಗಾರನನ್ನು ಪ್ರೀತಿಪಾತ್ರನನ್ನಾಗಿ ಮಾಡುವುದು ಅಪಾಯವೆಂದು ಅವರಿಗೆ ತೋರಿದುದು ಸಹಜವೇ ಆಗಿತ್ತು. ಆದರೂ, ಆ ಸಂಹಿತೆ ಜಾರಿಗೆ ಬಂದು ನಾಲ್ಕು ವರ್ಷ ತುಂಬುವುದರೊಳಗಾಗಿ, ಸಾವನ್ನು ನಗುಮುಖದಿಂದ ಕಥಿಸುವ ಒಂದು ಪರಂಪರೆ ಅದೇ ದೇಶದ ಅದೇ ಕೇಂದ್ರಗಳಲ್ಲಿ ಹುಟ್ಟಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅದು ಬೆಳೆದು, ಕೈಗೆ ಕೋಳ ಬೀಳಲಿರುವ ಕೊಲೆಗಾರನಿಗಾಗಿ ನೋಡುವವರ ಕಣ್ಣು ಹನಿಗೂಡುವ ಮಟ್ಟಕ್ಕೆ ಬಂದಿತು. ಇದು ಕಾನೂನನ್ನು ಸಡಿಲಿಸಿದುದರಿಂದ ಆದುದೆಂದು ಮೇಲುನೋಟಕ್ಕೆ ಯಾರಿಗಾದರೂ ತೋರಬಹುದು. ನನಗೆ ಕಂಡಿರುವ ಮಟ್ಟಿಗೆ, ಆ ಕನಿಕರವು ನೋಡುವವರ ಮನೆಗೆ ಬಂದುದು ಬಂಧನದ ಗಳಿಗೆಯ ಮೂಲಕವೇ, ಬಂಧಿಸಬಂದ ಪೊಲೀಸಿನವನ ಕೈಯಿಂದಲೇ.

ಮೊದಲು ಸಿನಿಮಾದವರ ಕಟ್ಟಳೆಯನ್ನು ನೆನೆಯಬೇಕು; ಏಕೆಂದರೆ ಟೆಲಿವಿಷನ್ನಿನ ವಿಧಿಗೆ ಅದೇ ತಾಯಿ. ೧೯೩೦ರಲ್ಲಿ ರಚಿತವಾಗಿ ೧೯೩೪ರಿಂದ ಬಿಗಿಯಾಗಿ ಆಚರಣೆಗೆ ಬಂದ ಹಾಲಿವುಡ್ಡಿನ ನಿರ್ಮಾಣಸಂಹಿತೆಯು, ಪ್ರೇಕ್ಷಕರ ಸಹಾನುಭೂತಿ ಎಂದಿಗೂ ಅಪರಾಧದ ಕಡೆಗೆ ವಾಲದಂತೆ ನೋಡಿಕೊಳ್ಳಬೇಕೆಂದು ವಿಧಿಸಿತ್ತು. ಇದರ ಬಲವನ್ನು ತಿಳಿಯಬೇಕಾದರೆ ೧೯೪೯ರಲ್ಲಿ ಇಂಗ್ಲೆಂಡಿನ ಈಲಿಂಗ್ ಸಂಸ್ಥೆಯವರು ತೆಗೆದ 'ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್' ಎಂಬ ಚಿತ್ರಕ್ಕೆ ಆದ ಗತಿಯನ್ನು ನೋಡಿದರೆ ಸಾಕು. ಅದರ ನಾಯಕ ಲೂಯಿ ಮಾಜೀನಿ, ಕುಲೀನ ಮನೆತನದವಳಾಗಿದ್ದರೂ ಗಾಯಕನೊಬ್ಬನನ್ನು ಕೈಹಿಡಿದಳೆಂದು ತೌರಿನಿಂದ ಹೊರದೂಡಲ್ಪಟ್ಟ ತಾಯಿಯ ಮಗ. ತನಗೂ ಡ್ಯೂಕ್ ಪದವಿಗೂ ನಡುವೆ ನಿಂತಿರುವ ಬಂಧುಗಳನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತ, ಅತ್ಯಂತ ವಿನಯದ ಮಾತಿನಲ್ಲಿ ಆ ಕಥೆಯನ್ನು ನಮಗೆ ತಾನೇ ಹೇಳುತ್ತಾನೆ. ಆ ಮನೆತನದ ಎಂಟು ಮಂದಿಯ ಪಾತ್ರವನ್ನೂ ಅಲೆಕ್ ಗಿನೆಸ್ ಒಬ್ಬರೇ ವಹಿಸಿದುದು ಅಭಿನಯದ ಇತಿಹಾಸದಲ್ಲಿ ಪ್ರಸಿದ್ಧವಾದ ಸಂಗತಿ. ಕೊನೆಯಲ್ಲಿ ಮಾಜೀನಿ ಸೆರೆಯಿಂದ ಬಿಡುಗಡೆಯಾಗಿ ಹೊರಗೆ ಬಂದಾಗ, ತನ್ನ ಎಲ್ಲ ಕೊಲೆಗಳನ್ನೂ ಒಪ್ಪಿಕೊಂಡು ಬರೆದ ಆತ್ಮಕಥೆಯ ಹಸ್ತಪ್ರತಿಯನ್ನು ಕೋಣೆಯಲ್ಲಿಯೇ ಮರೆತುಬಂದಿರುವುದು ಅವನ ನೆನಪಿಗೆ ಬರುತ್ತದೆ. ಇಂಗ್ಲೆಂಡಿನ ಚಿತ್ರ ಅಷ್ಟಕ್ಕೆ ನಿಲ್ಲುತ್ತದೆ. ಅಮೆರಿಕದಲ್ಲಿ ತೋರಿಸುವಾಗ ಆ ಹಸ್ತಪ್ರತಿ ಅಧಿಕಾರಿಗಳ ಕೈಸೇರಿತೆಂಬ ದೃಶ್ಯವೊಂದನ್ನು ಸೇರಿಸಬೇಕಾಯಿತು. ಅವನು ಸಿಕ್ಕಿಬೀಳುವನೆಂಬುದನ್ನು ಊಹಿಸಿಕೊಳ್ಳುವ ಹೊಣೆಯನ್ನು ಪ್ರೇಕ್ಷಕರ ಮೇಲೆ ಬಿಡುವುದಕ್ಕೆ ಆ ಕಾಲದ ಸಂಹಿತೆ ಸಿದ್ಧವಿರಲಿಲ್ಲ.

ಇನ್ನು ಕಥನದ ಕಡೆಯಿಂದ ಬಂದ ಎಳೆಯೊಂದಿದೆ. ಅದು ಇದಕ್ಕಿಂತಲೂ ಹಳೆಯದು. ಆಸ್ಟಿನ್ ಫ್ರೀಮನ್ ಎಂಬ ಆಂಗ್ಲ ಲೇಖಕ ವೃತ್ತಿಯಿಂದ ವೈದ್ಯ. ಆಫ್ರಿಕದ ಚಿನ್ನದ ಕರಾವಳಿಯಲ್ಲಿ ಸರಕಾರದ ಕೆಲಸ ಮಾಡಿ, ಆರೋಗ್ಯ ಕೆಟ್ಟು, ಊರಿಗೆ ಹಿಂದಿರುಗಿ ಬರವಣಿಗೆಯನ್ನು ಹಿಡಿದವನು. ಪತ್ತೇದಾರಿ ಕಥೆಯಲ್ಲಿ ಅಪರಾಧಿ ಯಾರೆಂಬುದನ್ನು ಮೊದಲಲ್ಲಿಯೇ ಹೇಳಿಬಿಟ್ಟು, ಅವನು ಹೇಗೆ ಸಿಕ್ಕಿಬಿದ್ದನೆಂಬುದರಲ್ಲಿಯೇ ಓದುಗನ ಕುತೂಹಲವನ್ನು ನಿಲ್ಲಿಸುವುದು ಸಾಧ್ಯವೇ ಎಂದು ಅವನು ತನ್ನನ್ನೇ ಕೇಳಿಕೊಂಡು, ಅದಕ್ಕೆ ಉತ್ತರವಾಗಿ ಬರೆದ ಕಥೆಗಳನ್ನು ೧೯೧೨ರಲ್ಲಿ 'ದಿ ಸಿಂಗಿಂಗ್ ಬೋನ್' ಎಂಬ ಸಂಪುಟವಾಗಿ ಪ್ರಕಟಿಸಿದನು. ಅವುಗಳಲ್ಲಿ ಮೊದಲನೆಯದಾದ ಆಸ್ಕರ್ ಬ್ರಾಡ್‌ಸ್ಕಿಯ ಪ್ರಕರಣದ ಕೊಲೆಗಾರ ಸೈಲಸ್ ಹಿಕ್ಲರ್ ಒಬ್ಬ ಹಸನ್ಮುಖಿ. ಕಳ್ಳತನವೇ ಕಸುಬಾದರೂ ಮಿತಿಮೀರದ, ಜೊತೆಗಾರರನ್ನು ಕಟ್ಟಿಕೊಳ್ಳದ, ಎಚ್ಚರಿಕೆಯ ಮನುಷ್ಯ. ರೈಲಿಗೆ ಹೊತ್ತಿರುವಾಗ ದಾರಿಯಲ್ಲಿ ಸಿಕ್ಕ ವಜ್ರದ ವ್ಯಾಪಾರಿಯನ್ನು ಮನೆಯೊಳಕ್ಕೆ ಕರೆದು ಕೂರಿಸಿದ ಮೇಲೆ, ಕೊಲ್ಲಲೋ ಬೇಡವೋ ಎಂದು ಅವನ ಮನಸ್ಸು ಹೊಯ್ದಾಡುವುದನ್ನು ಫ್ರೀಮನ್ ನಿಧಾನವಾಗಿ, ಒಂದು ರೋಗಿಯ ನಾಡಿಯನ್ನು ಹಿಡಿದು ನೋಡುವವನ ಸಮಾಧಾನದಿಂದ ವರ್ಣಿಸುತ್ತಾನೆ. ಕೊಲೆಯಾಗುತ್ತದೆ, ಹೆಣವನ್ನು ರೈಲುಕಂಬಿಯ ಮೇಲೆ ಇಡಲಾಗುತ್ತದೆ, ಒಡೆದ ಕನ್ನಡಕದ ಗಾಜಿನ ಚೂರುಗಳಿಂದ ಪತ್ತೇದಾರನಾದ ಡಾಕ್ಟರ್ ಥಾರ್ನ್‌ಡೈಕ್ ಸತ್ಯವನ್ನು ಹೊರಗೆಡಹುತ್ತಾನೆ.

ಇಲ್ಲಿ ನಡೆದ ಪಲ್ಲಟವನ್ನು ಗಮನಿಸಬೇಕು. ಸಾಮಾನ್ಯವಾದ ಪತ್ತೇದಾರಿ ಕಥೆಯಲ್ಲಿ ಕೊಲೆಗಾರನು ಕೊನೆಯ ಪುಟದವರೆಗೂ ಮುಸುಕಿನೊಳಗಿರುತ್ತಾನೆ. ಮುಸುಕು ತೆಗೆದಾಗ ನಮಗೆ ಆಶ್ಚರ್ಯವಾದೀತೇ ಹೊರತು, ಅವನ ಒಳಗನ್ನು ಅರಿಯುವ ಅವಕಾಶ ಅದಾಗಲೇ ಮುಗಿದುಹೋಗಿರುತ್ತದೆ. ಫ್ರೀಮನ್ನನ ರೀತಿಯಲ್ಲಾದರೋ ನಾವು ಮೊದಲಿನಿಂದಲೂ ಅವನ ಸಂಗಡ ಕುಳಿತಿರುತ್ತೇವೆ. ಬಾಗಿಲು ತಟ್ಟಿದ ಸದ್ದಾದರೆ ಅವನೊಂದಿಗೆ ನಮ್ಮ ಎದೆಯೂ ನಡುಗುತ್ತದೆ. ಅವನು ಮರೆತುಬಿಟ್ಟ ಗಾಜಿನ ಚೂರು ನಮ್ಮ ಕಣ್ಣಿಗೆ ಬಿದ್ದಾಗ, ಅಯ್ಯೋ ಅದನ್ನು ಎತ್ತಿಕೊಳ್ಳಬಾರದೇ ಎಂದು ನಾಲಗೆಯ ತುದಿಗೆ ಬರುತ್ತದೆ. ಕೊಲೆಯನ್ನು ಒಪ್ಪದ ಸಜ್ಜನನಿಗೂ ಹೀಗಾಗುತ್ತದೆ. ಇದು ಬರಹಗಾರನ ಉದ್ದೇಶದಿಂದ ಹುಟ್ಟಿದ ಕನಿಕರಕ್ಕಿಂತ ಹೆಚ್ಚಾಗಿ ಕಥೆಯ ಕಟ್ಟಡದಿಂದಲೇ ಒಸರುವ ಕನಿಕರ. ಶೂದ್ರಕನ 'ಮೃಚ್ಛಕಟಿಕ'ದಲ್ಲಿ ಶರ್ವಿಲಕನು ಜನಿವಾರವನ್ನೇ ಅಳತೆಯ ದಾರವಾಗಿ ಹಿಡಿದು ಚಾರುದತ್ತನ ಮನೆಗೆ ಕನ್ನ ಕೊರೆಯುವುದನ್ನು ಕಂಡು ಸಂತೋಷಪಟ್ಟ ನಮ್ಮವರಿಗೆ ಈ ಅನುಭವ ಹೊಸದಲ್ಲ. ಕಳ್ಳನ ಸ್ವಗತವನ್ನು ಕೇಳಿದ ಮೇಲೆ ಅವನನ್ನು ದ್ವೇಷಿಸುವುದು ಕಷ್ಟ.

ಸಾವನ್ನು ನಗುಮುಖದಿಂದ ಕಥಿಸುವುದೆಂದು ಆಗಲೇ ಹೇಳಿದ ಪರಂಪರೆಗೆ ಮೊದಲಾಗಿ, ೧೯೫೫ರ ಅಕ್ಟೋಬರ್ ೨ರಂದು ಟೆಲಿವಿಷನ್ನಿನಲ್ಲಿ 'ಆಲ್ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್' ಆರಂಭವಾಯಿತು. ಸ್ಥೂಲಕಾಯದ ನಿರ್ದೇಶಕನ ನೆರಳು ತನ್ನದೇ ಆದ ರೇಖಾಚಿತ್ರದೊಳಕ್ಕೆ ಬಂದು ಸೇರುವುದು, ಹಿನ್ನೆಲೆಯಲ್ಲಿ ಸೂತ್ರದಗೊಂಬೆಯೊಂದರ ಶವಯಾತ್ರೆಗಾಗಿ ಗೂನೋ ರಚಿಸಿದ ಸಂಗೀತ, ಆಮೇಲೆ ಹಿಚ್‌ಕಾಕ್ ಗಂಭೀರಮುಖದಿಂದ ನುಡಿಯುವ ಪ್ರಸ್ತಾವನೆ: ಇವಿಷ್ಟರಿಂದಲೇ, ಮುಂದೆ ಬರುವ ಸಾವು ಅಳುವುದಕ್ಕಾಗಿ ಬಂದುದಲ್ಲವೆಂಬ ಒಪ್ಪಂದ ನೋಡುವವರಿಗೂ ತೋರಿಸುವವರಿಗೂ ನಡುವೆ ಆಗಿಬಿಡುತ್ತಿತ್ತು. ಆ ಮಾಲಿಕೆಯ ರತ್ನವೆಂದು ನಾನು ಭಾವಿಸುವುದು ೧೯೫೮ರ ಏಪ್ರಿಲ್ ೧೩ರಂದು ಪ್ರಸಾರವಾದ, ರೋಆಲ್ಡ್ ಡಾಲ್‌ನ ಕಥೆಯನ್ನಾಧರಿಸಿ ಸ್ವತಃ ಹಿಚ್‌ಕಾಕ್ ನಿರ್ದೇಶಿಸಿದ 'ಲ್ಯಾಂಬ್ ಟು ದ ಸ್ಲಾಟರ್'. ಬಸುರಿ ಹೆಂಗಸೊಬ್ಬಳಿಗೆ ಪೊಲೀಸ್ ಅಧಿಕಾರಿಯಾದ ಗಂಡ ಸಂಜೆ ಮನೆಗೆ ಬಂದು, ನಿನ್ನನ್ನು ಬಿಟ್ಟು ಹೋಗುತ್ತೇನೆಂದು ಹೇಳುತ್ತಾನೆ; ರಾತ್ರಿಯ ಅಡುಗೆಗೆಂದು ಶೀತಪೆಟ್ಟಿಗೆಯಿಂದ ತೆಗೆದ, ಕಲ್ಲಿನಂತೆ ಹೆಪ್ಪುಗಟ್ಟಿದ ಕುರಿಯ ತೊಡೆ ಅವಳ ಕೈಯಲ್ಲಿರುತ್ತದೆ. ಒಂದೇ ಏಟು. ಆಮೇಲೆ ಅವಳು ಆ ಮಾಂಸವನ್ನು ಒಲೆಗಿಟ್ಟು, ಆಯುಧವನ್ನು ಹುಡುಕಿ ಹುಡುಕಿ ಹಸಿದು ಬಳಲಿದ ಪೊಲೀಸರಿಗೆ ಬಡಿಸುತ್ತಾಳೆ. ಆಯುಧ ಇಲ್ಲಿಯೇ ಎಲ್ಲೋ ನಮ್ಮ ಮೂಗಿನ ಕೆಳಗೇ ಇರಬೇಕೆಂದು ಅವರು ಮಾತಾಡಿಕೊಳ್ಳುತ್ತ ಅದನ್ನೇ ತಿಂದು ಮುಗಿಸುತ್ತಾರೆ. ಬಾರ್ಬರಾ ಬೆಲ್ ಗೆಡಿಸ್ ಈ ಪಾತ್ರವನ್ನು ವಹಿಸಿದ ರೀತಿ ಎಂಥದೆಂದರೆ, ಅವಳು ಸಿಕ್ಕಿಬೀಳಲಿ ಎಂದು ಹಾರೈಸಿದ ವೀಕ್ಷಕ ಒಬ್ಬನಾದರೂ ಇದ್ದಿರುವನೆಂದು ನಂಬುವುದು ಕಷ್ಟ.

ಹಾಗಾದರೆ ಸಂಹಿತೆ ಏನಾಯಿತು? ಅದಕ್ಕಾಗಿಯೇ ಕೊನೆಯಲ್ಲಿ ಹಿಚ್‌ಕಾಕ್ ಮತ್ತೆ ಕಾಣಿಸಿಕೊಳ್ಳುತ್ತಿದ್ದನು. ಅಪರಾಧಿ ಆಮೇಲೆ ಸಿಕ್ಕಿಬಿದ್ದನೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುವುದು ಅವನ ವಾಡಿಕೆ. ಈ ಕಥೆಯ ಕೊನೆಯಲ್ಲಿ, ಆಕೆ ಎರಡನೆಯ ಗಂಡನ ಮೇಲೆಯೂ ಅದೇ ಉಪಾಯವನ್ನು ಹೂಡಿದಳೆಂದೂ, ಆ ಮರೆಗುಳಿ ಶೀತಪೆಟ್ಟಿಗೆಗೆ ವಿದ್ಯುತ್ತನ್ನು ಕೊಡದೆ ಬಿಟ್ಟಿದ್ದುದರಿಂದ ಮಾಂಸ ಮೆತ್ತಗಾಗಿದ್ದು ಅವಳು ಸಿಕ್ಕಿಬಿದ್ದಳೆಂದೂ ತಿಳಿಸುತ್ತಾನೆ. ಕಥೆ ಒಂದು ಕಡೆ, ದಂಡನೆ ಇನ್ನೊಂದು ಕಡೆ. ನಡುವೆ ಸಾಬೂನಿನದೋ ಔಷಧದ್ದೋ ಜಾಹೀರಾತು. ನೋಡುವವರು ಈ ಉಪಸಂಹಾರವನ್ನು ಕೇಳಿ ನಗುತ್ತಿದ್ದರು, ನಂಬುತ್ತಿರಲಿಲ್ಲ. ಕಲೆಯ ದೃಷ್ಟಿಯಿಂದ ಇದು ಕೊರತೆಯೇ. ಕನಿಕರವನ್ನು ಉಳಿಸಿಕೊಳ್ಳುವುದಕ್ಕಾಗಿ ನ್ಯಾಯವನ್ನು ಕಥೆಯ ಹೊರಕ್ಕೆ ಕಳಿಸಬೇಕಾಯಿತು. ಅವೆರಡೂ ಒಂದೇ ಕೋಣೆಯಲ್ಲಿ ಎದುರುಬದುರಾಗಿ ಕುಳಿತುಕೊಳ್ಳುವುದಕ್ಕೆ ಇನ್ನೂ ಹದಿಮೂರು ವರ್ಷ ಕಾಯಬೇಕಿತ್ತು.

ಅವೆರಡನ್ನೂ ಕೂಡಿಸಿದವರು ರಿಚರ್ಡ್ ಲೆವಿನ್‌ಸನ್ ಮತ್ತು ವಿಲಿಯಂ ಲಿಂಕ್ ಎಂಬ ಬಾಲ್ಯಸ್ನೇಹಿತರು. ಫಿಲಡೆಲ್ಫಿಯದ ಶಾಲೆಯಲ್ಲಿ ಓದುವ ಹುಡುಗರಾಗಿದ್ದಾಗಿನಿಂದಲೂ ಇಬ್ಬರೂ ಕೂಡಿ ಬರೆಯುತ್ತಿದ್ದವರು. ಅವರ ಲೆಫ್ಟೆನೆಂಟ್ ಕೊಲಂಬೋ ಮೊದಲು ಕಾಣಿಸಿಕೊಂಡುದು ೧೯೬೦ರ ಒಂದು ಸಣ್ಣ ಟೆಲಿವಿಷನ್ ನಾಟಕದಲ್ಲಿ, ಬರ್ಟ್ ಫ್ರೀಡ್ ಎಂಬ ನಟನ ರೂಪದಲ್ಲಿ. ೧೯೬೨ರಲ್ಲಿ ಥಾಮಸ್ ಮಿಚೆಲ್ ಎಂಬ ವೃದ್ಧನಟನ ಮೂಲಕ ರಂಗಭೂಮಿಗೆ ಬಂದ ಅದೇ ಕಥೆ, ೧೯೬೮ರ ಫೆಬ್ರವರಿ ೨೦ರಂದು 'ಪ್ರಿಸ್ಕ್ರಿಪ್ಷನ್: ಮರ್ಡರ್' ಎಂಬ ಹೆಸರಿನಲ್ಲಿ ಪೀಟರ್ ಫಾಕ್‌ನ ಕೈಗೆ ಬಂದಿತು. ೧೯೭೧ರ ಸೆಪ್ಟೆಂಬರ್ ೧೫ರಂದು ಎನ್‌ಬಿಸಿಯಲ್ಲಿ ಮಾಲಿಕೆ ಮೊದಲಾದಾಗ ಅದರ ಪ್ರಥಮ ಕಂತನ್ನು ನಿರ್ದೇಶಿಸಿದವನು ಇಪ್ಪತ್ತನಾಲ್ಕು ವಯಸ್ಸಿನ ಸ್ಟೀವನ್ ಸ್ಪೀಲ್‌ಬರ್ಗ್. ಎರಡು ಜಾಲಗಳಲ್ಲಿ, ನಡುವೆ ಹನ್ನೊಂದು ವರ್ಷಗಳ ವಿರಾಮದೊಡನೆ, ೨೦೦೩ರವರೆಗೆ ಒಟ್ಟು ೬೯ ಕಂತುಗಳು ಬಂದವು. ಕೊಲಂಬೋವಿನ ಮೂಲಪುರುಷನನ್ನು ಅವನ ಕರ್ತೃಗಳು ದಸ್ತಯೇವ್ಸ್ಕಿಯ ಪೊರ್ಫೀರಿ ಪೆತ್ರೋವಿಚ್‌ನಲ್ಲಿ ತೋರಿಸಿದ್ದಾರೆ: ಅಪರಾಧಿಯನ್ನು ಮೊದಲೇ ಗುರುತಿಸಿಬಿಟ್ಟು, ಅವನ ಸುತ್ತ ವಿನಯದಿಂದ ಸುಳಿದಾಡುತ್ತ, ಅವನ ಮನಸ್ಸೇ ಅವನನ್ನು ಹಿಡಿದುಕೊಡುವವರೆಗೆ ತಾಳ್ಮೆಯಿಂದಿರುವ ನ್ಯಾಯಾಧಿಕಾರಿ ಆ ಪೆತ್ರೋವಿಚ್. ಫ್ರೀಮನ್ನನಲ್ಲಿ ಕಥೆಯ ಕಟ್ಟಡ, ದಸ್ತಯೇವ್ಸ್ಕಿಯಲ್ಲಿ ವಿಚಾರಕನ ಸ್ವಭಾವ. ಇವೆರಡಕ್ಕೂ ಮೂರನೆಯದಾಗಿ ಹಾಸ್ಯ ಸೇರಿತು.

ಆ ಹಾಸ್ಯವೆಲ್ಲವೂ ಪೊಲೀಸಿನವನ ಪಾಲಿನದು. ಮುದುಡಿದ ಮಳೆಯಂಗಿ, ಕೆಮ್ಮುತ್ತ ನಿಲ್ಲುವ ಹಳೆಯ ಪ್ಯೂಜೊ ಕಾರು, ಹೆಸರೇ ಇಡದ ಸೋಮಾರಿ ನಾಯಿ, ಎಂದೂ ಕಣ್ಣಿಗೆ ಕಾಣದಿದ್ದರೂ ಮಾತುಮಾತಿಗೂ ಪ್ರಸ್ತಾಪಕ್ಕೆ ಬರುವ ಹೆಂಡತಿ, ಬಾಗಿಲವರೆಗೆ ಹೋಗಿ ಮತ್ತೆ ಹಿಂತಿರುಗಿ ಕೇಳುವ ಇನ್ನೊಂದೇ ಒಂದು ಪ್ರಶ್ನೆ. ಮೂರನೆಯ ವಯಸ್ಸಿನಲ್ಲಿ ರೋಗಕ್ಕೆ ಬಲಗಣ್ಣನ್ನು ಕಳೆದುಕೊಂಡು ಗಾಜಿನ ಕಣ್ಣಿನಿಂದ ಬಾಳಿದ ಫಾಕ್‌ನ ಓರೆನೋಟ ಈ ಪಾತ್ರಕ್ಕೆ ಎಷ್ಟು ಹೊಂದಿತೆಂದರೆ, ಅದನ್ನು ಬೇರೆ ಯಾರಾದರೂ ವಹಿಸಿದ್ದರು ಎಂಬುದೇ ಮರೆತುಹೋಗುತ್ತದೆ. ಎದುರಿಗಿರುವ ಕೊಲೆಗಾರರಾದರೋ ಲಾಸ್ ಏಂಜಲೀಸಿನ ಸಿರಿವಂತರು, ಶಸ್ತ್ರವೈದ್ಯರು, ಗ್ರಂಥಕರ್ತರು, ವಾದ್ಯವೃಂದದ ನಾಯಕರು. ಅವರಲ್ಲಿ ಬಹುಮಂದಿ ಗರ್ವಿಷ್ಠರಾದುದರಿಂದ ಅವರ ಪತನ ನಮಗೆ ಸಂತೋಷವನ್ನೇ ಕೊಡುತ್ತದೆ. ಆದ್ದರಿಂದ ಈ ಮಾಲಿಕೆಯ ಎಲ್ಲ ಅಪರಾಧಿಗಳೂ ಕನಿಕರಕ್ಕೆ ಪಾತ್ರರೆಂದು ಹೇಳುವುದು ತಪ್ಪಾಗುತ್ತದೆ. ಕನಿಕರಕ್ಕೆ ಪಾತ್ರರಾದವರು ಬೆರಳೆಣಿಕೆಯವರು. ಅವರ ಕಂತುಗಳೇ ಇಂದಿಗೂ ಜನರ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿವೆ.

ಅವುಗಳಲ್ಲಿ ಒಂದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ೧೯೭೩ರ ಅಕ್ಟೋಬರ್ ೭ರಂದು ಬಂದ 'ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್' ಎಂಬ ಕಂತಿನಲ್ಲಿ ಡೊನಾಲ್ಡ್ ಪ್ಲೆಸೆನ್ಸ್ ಎಂಬ ಆಂಗ್ಲ ನಟ ಏಡ್ರಿಯನ್ ಕಾರ್ಸೀನಿಯ ಪಾತ್ರದಲ್ಲಿದ್ದಾನೆ. ಕಾರ್ಸೀನಿ ದ್ರಾಕ್ಷಾರಸದ ಉಪಾಸಕ. ತಂದೆಯಿಂದ ಬಂದ ಮದ್ಯಶಾಲೆಯನ್ನು ಲಾಭನಷ್ಟಗಳ ಗಣನೆಯಿಲ್ಲದೆ, ರುಚಿಯೊಂದನ್ನೇ ದೇವರೆಂದು ನಂಬಿ ನಡೆಸಿಕೊಂಡು ಬಂದವನು. ಆದರೆ ಆಸ್ತಿಯ ಒಡೆತನ ಮಲತಮ್ಮನದು. ಅವನು ಅದನ್ನು ಅಗ್ಗದ ಸರಕು ಮಾರುವ ಕಂಪನಿಗೆ ವಿಕ್ರಯಿಸುವುದಾಗಿ ಹೇಳಿದ ಕ್ಷಣ ಕಾರ್ಸೀನಿ ಬುದ್ಧಿಗೆಟ್ಟು ಅವನನ್ನು ಹೊಡೆದುರುಳಿಸುತ್ತಾನೆ. ಪ್ರಜ್ಞೆಯಿಲ್ಲದವನನ್ನು ಕಟ್ಟಿ, ತನ್ನ ಅಮೂಲ್ಯವಾದ ಸೀಸೆಗಳಿರುವ ನೆಲಮನೆಯಲ್ಲಿ ಕೂಡಿ, ಗಾಳಿಯ ಯಂತ್ರವನ್ನು ನಿಲ್ಲಿಸಿ, ನ್ಯೂಯಾರ್ಕಿನ ಹರಾಜಿಗೆ ಹೊರಟುಹೋಗುತ್ತಾನೆ. ಕೊಲೆಯ ಕ್ರೌರ್ಯವನ್ನು ಕಥೆ ಮುಚ್ಚಿಡುವುದಿಲ್ಲ. ಅವನು ಊರಲ್ಲಿಲ್ಲದಾಗ ಒಂದು ದಿನ ಬಿಸಿಲು ವಿಪರೀತವಾಗಿ ಏರುತ್ತದೆ. ತಮ್ಮನೊಡನೆ, ಕಾರ್ಸೀನಿಯ ಪ್ರಾಣವೇ ಆಗಿದ್ದ ಸೀಸೆಗಳೂ ಆ ಕಾವಿನಲ್ಲಿ ಸಾಯುತ್ತವೆ. ಇದು ಆಗ ಅವನಿಗೆ ತಿಳಿಯದು, ನಮಗೂ ತಿಳಿಯದು.

ಕೊಲಂಬೋ ದ್ರಾಕ್ಷಾರಸದ ಗಂಧವೇ ಅರಿಯದವನು. ಅವನು ಅಂಗಡಿಗೆ ಹೋಗಿ ಆ ವಿದ್ಯೆಯನ್ನು ಕಲಿಯಲು ಹವಣಿಸುತ್ತಾನೆ. ನಮಗೆ ನಗು ಬರುತ್ತದೆ. ಆದರೆ ಅವನು ಕಲಿಯುತ್ತ ಹೋದಂತೆಲ್ಲ, ಇನ್ನೊಬ್ಬನ ಪ್ರೀತಿಯ ವಸ್ತುವನ್ನು ಅರ್ಥಮಾಡಿಕೊಂಡವನಿಗೆ ಆ ಇನ್ನೊಬ್ಬನ ಹೃದಯವೂ ಅರ್ಥವಾಗುತ್ತ ಬರುವುದನ್ನು ಕಾಣುತ್ತೇವೆ. ಕೊನೆಯಲ್ಲಿ ಅವನು ಕಾರ್ಸೀನಿಯನ್ನೂ ಅವನ ಕಾರ್ಯದರ್ಶಿನಿಯನ್ನೂ ಊಟಕ್ಕೆ ಕರೆಯುತ್ತಾನೆ. ೧೯೪೫ನೆಯ ಇಸವಿಯ ಫೆರೇರ ಪೋರ್ಟ್ ಬಡಿಸಲ್ಪಡುತ್ತದೆ. ಒಂದು ಗುಟುಕು ಸವಿದ ಕಾರ್ಸೀನಿ, ಇದು ಕಾವಿನಿಂದ ಕೆಟ್ಟುಹೋಗಿದೆಯೆಂದು ಕೆರಳಿ, ಬಡಿಸಿದವರ ಮೇಲೆಲ್ಲ ಹರಿಹಾಯುತ್ತಾನೆ. ಆ ಸೀಸೆ ಬಂದುದು ಅವನದೇ ನೆಲಮನೆಯಿಂದ. ಕೆಟ್ಟಿರುವುದನ್ನು ಗುರುತಿಸಬಲ್ಲ ನಾಲಗೆ ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಇದ್ದಿತು; ಹೀಗೆ ಅವನಿಗೆ ವಿರುದ್ಧವಾಗಿ ಸಾಕ್ಷಿ ನುಡಿದುದು ಅವನ ಜೀವಮಾನದ ಸಾಧನೆಯೇ. ಕೆಟ್ಟ ಸೀಸೆಗಳನ್ನು ಸಮುದ್ರಕ್ಕೆ ಎಸೆಯುತ್ತಿರುವಾಗ ಕೊಲಂಬೋ ಬಂದು ನಿಲ್ಲುತ್ತಾನೆ. ಗುಟ್ಟನ್ನು ಅರಿತ ಕಾರ್ಯದರ್ಶಿನಿ ಬಲವಂತದಿಂದ ತನ್ನನ್ನು ಮದುವೆಯಾಗೆಂದು ಹಿಡಿದಿರುವುದರಿಂದ ಸೆರೆಮನೆಯೂ ತನಗೊಂದು ಬಿಡುಗಡೆಯೆಂಬ ಭಾವದಿಂದ ಕಾರ್ಸೀನಿ ಒಪ್ಪಿಕೊಳ್ಳುತ್ತಾನೆ. ಅವನನ್ನು ಕರೆದೊಯ್ಯುವಾಗ ಕೊಲಂಬೋ ಮದ್ಯಶಾಲೆಯ ಮುಂದೆ ಕಾರನ್ನು ನಿಲ್ಲಿಸಿ, ತಾನು ಆರಿಸಿ ತಂದ ಸೀಸೆಯೊಂದನ್ನು ತೆರೆದು ಇಬ್ಬರಿಗೂ ಸುರಿಯುತ್ತಾನೆ. ಊಟದ ಕೊನೆಗೆ ಒಪ್ಪುವಂಥದನ್ನೇ ಶಿಷ್ಯ ಆರಿಸಿದ್ದಾನೆ, ಗುರು ಮೆಚ್ಚಿಕೊಳ್ಳುತ್ತಾನೆ. ಹಿಚ್‌ಕಾಕ್‌ನ ಕಾಲದಲ್ಲಿ ಪರದೆಯ ಹೊರಗೆ ನಿಂತಿದ್ದ ನ್ಯಾಯ ಇಲ್ಲಿ ಅಪರಾಧಿಯ ಪಕ್ಕದ ಆಸನದಲ್ಲಿ ಕುಳಿತಿದೆ. ಕನಿಕರವಿದೆಯೆಂದು ಬಂಧನ ತಪ್ಪಲಿಲ್ಲ. ಬಂಧಿಸಬೇಕಾಗಿದೆಯೆಂದು ಗೌರವವೂ ತಪ್ಪಲಿಲ್ಲ.

ಈ ಸೌಮ್ಯತೆ ಆ ದಶಕದಲ್ಲಿಯೇ ಏಕೆ ಸಾಧ್ಯವಾಯಿತೆಂದು ಯೋಚಿಸಿದಾಗ ನನಗೆ ಒಂದು ಕಾರಣ ಹೊಳೆಯುತ್ತದೆ. ಕೊಲಂಬೋ ಕೆಲಸ ಮಾಡುತ್ತಿದ್ದುದು ಕ್ಯಾಲಿಫೋರ್ನಿಯದಲ್ಲಿ. ಆ ರಾಜ್ಯದಲ್ಲಿ ೧೯೬೭ರ ಏಪ್ರಿಲ್ ತಿಂಗಳಲ್ಲಿ ಒಬ್ಬನಿಗೆ ಮರಣದಂಡನೆಯಾದ ತರುವಾಯ ೧೯೯೨ರವರೆಗೆ ಇನ್ನಾರನ್ನೂ ವಧಿಸಲಿಲ್ಲ. ೧೯೭೨ರಲ್ಲಿ ರಾಜ್ಯದ ಉಚ್ಚತಮ ನ್ಯಾಯಾಲಯವೂ ಅನಂತರ ದೇಶದ ಸರ್ವೋಚ್ಚ ನ್ಯಾಯಾಲಯವೂ ಆಗ ಜಾರಿಯಲ್ಲಿದ್ದ ಮರಣದಂಡನೆಯ ಪದ್ಧತಿಯನ್ನು ಅಸಿಂಧುವೆಂದು ಸಾರಿದ್ದವು. ಎಂದರೆ, ಎನ್‌ಬಿಸಿಯಲ್ಲಿ ಈ ಕಥೆಗಳು ಬರುತ್ತಿದ್ದಷ್ಟು ಕಾಲವೂ ಸ್ಯಾನ್ ಕ್ವೆಂಟಿನ್ ಕಾರಾಗೃಹದ ವಿಷಾನಿಲದ ಕೋಣೆ ಮುಚ್ಚಿಯೇ ಇದ್ದಿತು. ಫ್ರೀಮನ್ನನ ಓದುಗನಿಗೆ ಹಿಕ್ಲರ್ ಸಿಕ್ಕಿಬಿದ್ದನೆಂದರೆ ಅದರಾಚೆಗೆ ನೇಣುಗಂಬ ಕಾಣುತ್ತಿತ್ತು. ಕಾರ್ಸೀನಿಯನ್ನು ಕೊಂಡೊಯ್ಯುವ ಕಾರು ಅಂಥ ಕಡೆಗೆ ಹೋಗುತ್ತಿಲ್ಲವೆಂಬುದು ೧೯೭೩ರ ವೀಕ್ಷಕನಿಗೆ ಗೊತ್ತಿತ್ತು. ಬಂಧನವೆಂದರೆ ಕೊಲ್ಲುವುದೆಂದು ಅರ್ಥವಾಗುವ ಕಾಲದೇಶಗಳಲ್ಲಿ, ಬಂಧಿಸುವವನು ಬಂಧಿತನೊಡನೆ ಪಾನಪಾತ್ರೆಯನ್ನು ಎತ್ತುವುದನ್ನು ತೋರಿಸಿದ್ದರೆ ನಮ್ಮ ಮನಸ್ಸು ಮುದುಡುತ್ತಿತ್ತೇ ಹೊರತು ಅರಳುತ್ತಿರಲಿಲ್ಲ.

೧೯೭೭ರ ನವೆಂಬರ್ ೨೧ರಂದು ಬಂದ 'ಟ್ರೈ ಅಂಡ್ ಕ್ಯಾಚ್ ಮಿ' ಎಂಬುದರಲ್ಲಿ ಎಂಬತ್ತೊಂದು ವರ್ಷದ ರೂತ್ ಗಾರ್ಡನ್, ಪತ್ತೇದಾರಿ ಕಾದಂಬರಿಗಳನ್ನು ಬರೆಯುವ ಮುದುಕಿ ಅಬಿಗೇಲ್ ಮಿಚೆಲ್ ಆಗಿದ್ದಾಳೆ. ಮಗಳಂತೆ ಪ್ರೀತಿಸಿದ ಸೋದರಿಯ ಮಗಳು ಸಮುದ್ರದಲ್ಲಿ ಮುಳುಗಿಹೋದಳು. ಅದು ಅಪಘಾತವೆಂದು ಪೊಲೀಸರು ನಂಬಿದರು, ಅವಳ ಗಂಡನೇ ಕೊಂದನೆಂದು ಈ ಮುದುಕಿ ನಂಬಿದಳು. ಅವನನ್ನು ಮನೆಯ ದೊಡ್ಡ ಭದ್ರಕೋಣೆಯೊಳಕ್ಕೆ ಉಪಾಯದಿಂದ ಕಳಿಸಿ ಬಾಗಿಲು ಹಾಕುತ್ತಾಳೆ. ಕಥೆಯ ನಡುವೆ, ಹೆಂಗಸರ ಸಭೆಯೊಂದರಲ್ಲಿ ಆಕೆ ಕೊಲಂಬೋವನ್ನು ಅನಿರೀಕ್ಷಿತವಾಗಿ ವೇದಿಕೆಗೆ ಕರೆಯುತ್ತಾಳೆ. ಅವನು ತಡವರಿಸುತ್ತ, ತಾನು ಕಂಡ ಕೊಲೆಗಾರರಲ್ಲಿ ಕೆಲವರನ್ನು ತಾನು ಮೆಚ್ಚಿದ್ದೇನೆ, ಅವರು ಮಾಡಿದುದಕ್ಕಾಗಿ ಎಂದಿಗೂ ಅಲ್ಲ, ಅವರ ಬುದ್ಧಿಗಾಗಿಯೋ ಒಳ್ಳೆಯತನಕ್ಕಾಗಿಯೋ ಎಂಬ ಅರ್ಥದಲ್ಲಿ ಮಾತನಾಡುತ್ತಾನೆ. ಎದುರಿಗೆ ಕೊಲೆ ಮಾಡಿದವಳೇ ಕುಳಿತು ಕೇಳುತ್ತಿದ್ದಾಳೆ. ಇಡೀ ಮಾಲಿಕೆಯ ಶ್ರದ್ಧೆಯನ್ನು ಅದರ ಕರ್ತೃಗಳು ಇಷ್ಟು ಬಿಚ್ಚಿಟ್ಟು ಹೇಳಿದುದು ಬೇರೆಲ್ಲಿಯೂ ಇಲ್ಲವೆಂದು ನನ್ನ ಎಣಿಕೆ. ಕೊನೆಯಲ್ಲಿ ಮುದುಕಿ ತನ್ನ ವಯಸ್ಸನ್ನು ನೋಡಿ ಬಿಟ್ಟುಬಿಡಲಾರೆಯಾ ಎಂದು ಕೇಳುತ್ತಾಳೆ. ಆಗದೆಂದು ಅವನು ಹೇಳಿದಾಗ ಮುನಿಯುವುದಿಲ್ಲ. ನನ್ನ ಹುಡುಗಿಯ ಸಾವನ್ನು ನೀನೇ ವಿಚಾರಿಸಿದ್ದಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎನ್ನುತ್ತಾಳೆ. ನ್ಯಾಯವಿಚಾರಣೆಗೆ ಅದರಿಂದ ದಂಡಿತಳಾದವಳ ಬಾಯಿಂದ ಇದಕ್ಕಿಂತ ದೊಡ್ಡ ಪ್ರಶಂಸೆ ಬರಲಾರದು, ಇದಕ್ಕಿಂತ ತೀಕ್ಷ್ಣವಾದ ದೂರೂ ಬರಲಾರದು.

ಇಷ್ಟನ್ನೆಲ್ಲ ಮೆಚ್ಚಿಕೊಂಡ ಮೇಲೆ, ಈ ಕನಿಕರದ ಬೆಲೆಯನ್ನು ತೆತ್ತವರು ಯಾರೆಂದು ಕೇಳದೆ ಇರುವುದು ಅನ್ಯಾಯ. ಬೆಲೆ ತೆತ್ತವರು ಸತ್ತವರು. ಕಾರ್ಸೀನಿಯ ತಮ್ಮ ಒರಟ, ಲೋಲುಪ. ಅಬಿಗೇಲಳ ಬಲಿಯಾದವನು ಧನಾಶೆಯ ಗಂಡ, ಅವನು ನಿಜವಾಗಿಯೂ ಹೆಂಡತಿಯನ್ನು ಕೊಂದನೆಂಬುದನ್ನು ಕಥೆ ಎಲ್ಲಿಯೂ ಸ್ಥಾಪಿಸುವುದಿಲ್ಲ. ಕೊಲೆಗಾರನು ಹಗುರಾಗಬೇಕಾದರೆ ಕೊಲೆಯಾದವನು ಮೊದಲೇ ಹಗುರಾಗಿರಬೇಕು ಎಂಬ ಲೆಕ್ಕಾಚಾರ ಇಲ್ಲಿ ಮೌನವಾಗಿ ನಡೆದಿದೆ. ೧೯೭೪ರ ಮಾರ್ಚ್ ೩ರ 'ಸ್ವಾನ್ ಸಾಂಗ್' ಎಂಬ ಕಂತಿನಲ್ಲಿ ಈ ದೋಷ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿದೆ. ಪ್ರಸಿದ್ಧ ಗಾಯಕ ಜಾನಿ ಕ್ಯಾಶ್, ಟಾಮಿ ಬ್ರೌನ್ ಎಂಬ ಭಕ್ತಿಗೀತೆಗಳ ಹಾಡುಗಾರನಾಗಿ, ತನ್ನ ಗಳಿಕೆಯನ್ನೆಲ್ಲ ಗುಡಿ ಕಟ್ಟಲು ಕಸಿದುಕೊಳ್ಳುವ ಹೆಂಡತಿಗೆ ಅಮಲಿನ ಕಾಫಿ ಕುಡಿಸಿ, ವಿಮಾನದಿಂದ ತಾನು ಮಾತ್ರ ಧುಮುಕಿ ಪಾರಾಗುತ್ತಾನೆ. ಕೊಲಂಬೋ ಕೊನೆಗೆ, ಹಾಗೆ ಹಾಡಬಲ್ಲವನು ಪೂರ್ತಿ ಕೆಟ್ಟವನಾಗಿರಲಾರನೆಂದು ಸಮಾಧಾನ ಹೇಳುತ್ತಾನೆ. ಆದರೆ ಆ ವಿಮಾನದಲ್ಲಿ ಹೆಂಡತಿಯಲ್ಲದೆ ಇನ್ನೊಬ್ಬಳೂ ಇದ್ದಳು: ಮೇರಿಯಾನ್ ಎಂಬ ಎಳೆಯ ಹುಡುಗಿ; ಹದಿನಾರರ ವಯಸ್ಸಿನಲ್ಲಿಯೇ ಈ ಗಾಯಕನಿಂದ ಕೆಡಿಸಲ್ಪಟ್ಟವಳು. ಅವಳೂ ಅದೇ ಕಾಫಿಯನ್ನು ಕುಡಿದು, ಅದೇ ಬೆಟ್ಟಕ್ಕೆ ಬಿದ್ದು ಸತ್ತಳು. ಹೆಂಡತಿಯ ದುರಾಗ್ರಹವನ್ನು ನಾಲ್ಕು ದೃಶ್ಯಗಳಲ್ಲಿ ತೋರಿಸಿದ ಕಥೆ ಈ ಹುಡುಗಿಗಾಗಿ ಒಂದು ನಿಟ್ಟುಸಿರನ್ನೂ ಬಿಡುವುದಿಲ್ಲ. ಹಾಡು ಇಂಪಾಗಿದೆ, ನಟ ಹೃದಯವಂತನಾಗಿ ತೋರುತ್ತಾನೆ, ಕೊಲಂಬೋವಿನ ಮಾತು ಮೃದುವಾಗಿದೆ. ಆದರೂ ಅಲ್ಲಿ ನಮ್ಮಿಂದ ಪಡೆದ ಕನಿಕರವನ್ನು ನಾನು ನ್ಯಾಯವಾದುದೆಂದು ಒಪ್ಪಲಾರೆ.

ಈ ಆಕ್ಷೇಪಕ್ಕೆ ಒಳಗಾಗದೆ ನಿಲ್ಲುವುದು ೧೯೭೫ರ ಸೆಪ್ಟೆಂಬರ್ ೧೪ರ 'ಫರ್ಗಾಟನ್ ಲೇಡಿ'. ಜೇನೆಟ್ ಲೀ ಅಭಿನಯಿಸಿದ ಗ್ರೇಸ್ ವೀಲರ್ ಒಂದು ಕಾಲದ ನರ್ತಕಿ, ಚಿತ್ರತಾರೆ. ಮತ್ತೆ ರಂಗಕ್ಕೆ ಬರಬೇಕೆಂಬ ಹಂಬಲ. ಹಣ ಕೊಡಲೊಪ್ಪದ ವೃದ್ಧ ಗಂಡನನ್ನು, ಅವನಾಗಿಯೇ ಪ್ರಾಣ ಕಳೆದುಕೊಂಡನೆಂದು ತೋರುವಂತೆ ಕೊಲ್ಲುತ್ತಾಳೆ. ಆ ಹೊತ್ತಿನಲ್ಲಿ ತಾನು ತನ್ನ ಹಳೆಯ ಚಿತ್ರವನ್ನು ನೋಡುತ್ತಿದ್ದೆನೆಂಬುದು ಅವಳ ರಕ್ಷೆ. ಓಡುತ್ತಿದ್ದ ಸುರುಳಿ ನಡುವೆ ತುಂಡಾಗಿ, ಅದನ್ನು ಅಂಟಿಸಲು ಅವಳು ಕೋಣೆಯಲ್ಲಿರಲಿಲ್ಲವೆಂಬುದರಿಂದ ಆ ರಕ್ಷೆ ಒಡೆಯುತ್ತದೆ. ಇಲ್ಲಿ ಸತ್ತವನು ಕೆಟ್ಟವನಲ್ಲ. ವೈದ್ಯನಾದ ಅವನು ಹೆಂಡತಿಯ ಮೆದುಳಿನಲ್ಲಿ ಗುಣವಾಗದ ರೋಗವೊಂದು ಬೆಳೆಯುತ್ತಿರುವುದನ್ನು ಬಲ್ಲ. ಕುಣಿತದ ಶ್ರಮ ಅವಳನ್ನು ಬೇಗನೆ ಕೊಲ್ಲುವುದೆಂದು ಬಲ್ಲ. ಅವಳಿಗೆ ಅದನ್ನು ತಿಳಿಸಲಾರದೆ ಹಣ ಕೊಡಲಾರೆನೆಂದಷ್ಟೇ ಹೇಳಿ ಅವಳ ಸಿಟ್ಟನ್ನು ಹೊತ್ತುಕೊಂಡವನು. ಅವಳ ಪ್ರಾಣವನ್ನುಳಿಸಬೇಕೆಂಬ ನಿರಾಕರಣೆಗಾಗಿಯೇ ಅವನ ಪ್ರಾಣ ಹೋಯಿತು. ಕೊಲಂಬೋ ಸತ್ಯವನ್ನು ಹೇಳುವ ಹೊತ್ತಿಗೆ ರೋಗ ಅವಳ ನೆನಪನ್ನು ತಿಂದುಹಾಕಿದೆ. ತಾನು ಕೊಂದುದೇ ಅವಳಿಗೆ ತಿಳಿಯದು. ಪಕ್ಕದಲ್ಲಿದ್ದ ಹಳೆಯ ಜೊತೆನಟ ನೆಡ್, ಕೊಂದವನು ನಾನು ಎಂದು ಮುಂದೆ ಬರುತ್ತಾನೆ. ನಿನ್ನ ಈ ಹೇಳಿಕೆ ಬೇಗನೆ ಬಿದ್ದುಹೋಗುತ್ತದೆಂದು ಕೊಲಂಬೋ ಎಚ್ಚರಿಸುತ್ತಾನೆ. ಅಷ್ಟು ಬೇಗ ಬೀಳದಂತೆ ನೋಡಿಕೊಳ್ಳುವೆನೆಂದು, ಅವಳಿಗೆ ಉಳಿದಿರುವ ತಿಂಗಳೆರಡರ ಆಯುಸ್ಸನ್ನು ಮನಸ್ಸಿನಲ್ಲಿಟ್ಟುಕೊಂಡು, ನೆಡ್ ಉತ್ತರ ಕೊಡುತ್ತಾನೆ. ಕೊಲಂಬೋ ಸುಮ್ಮನೆ ತಲೆದೂಗಿ ಅವನನ್ನು ಕರೆದೊಯ್ಯುತ್ತಾನೆ. ಕೊಂದವಳನ್ನು ಹಾಗೂ ಕೊಲೆಯಾದವನನ್ನು ಒಂದೇ ತಕ್ಕಡಿಯಲ್ಲಿಟ್ಟು, ಇಬ್ಬರ ಕಡೆಗೂ ನಮ್ಮ ಮನಸ್ಸು ಬಾಗುವಂತೆ ಮಾಡಿದ ಈ ಕಂತಿಗೆ ಸಮನಾದುದನ್ನು ಆ ಮಾಲಿಕೆಯಲ್ಲಿ ನಾನು ಕಾಣೆ.

ಇದೇ ಇಬ್ಬರು ಗೆಳೆಯರು ಪೀಟರ್ ಫಿಷರನೊಡನೆ ಸೇರಿ ೧೯೮೪ರಲ್ಲಿ ಆರಂಭಿಸಿದ 'ಮರ್ಡರ್, ಶಿ ರೋಟ್' ಹನ್ನೆರಡು ವರ್ಷ ನಡೆದು ಇನ್ನೂ ಹೆಚ್ಚಿನ ಜನಪ್ರೀತಿಯನ್ನು ಗಳಿಸಿತಾದರೂ, ಕೊಲೆಗಾರನನ್ನು ಕೊನೆಯವರೆಗೆ ಮುಚ್ಚಿಡುವ ಹಳೆಯ ದಾರಿಗೇ ಅದು ಮರಳಿದ್ದರಿಂದ ನಮ್ಮ ವಿಷಯಕ್ಕೆ ಅದರಿಂದ ದೊರೆಯುವುದು ಸ್ವಲ್ಪ. ಜಪಾನಿನಲ್ಲಿ ೧೯೯೪ರಲ್ಲಿ ಮಿತಾನಿ ಕೋಕಿ ಬರೆದ 'ಫುರುಹಾತ ನಿನ್‌ಜಬುರೋ' ಎಂಬ ಮಾಲಿಕೆ ಕೊಲಂಬೋವಿನ ದಾರಿಯನ್ನೇ ಹಿಡಿದು, ಅಪರಾಧಿಯನ್ನು ಮೊದಲು ತೋರಿಸಿ, ಸಭ್ಯನಾದ ಪೊಲೀಸಿನವನನ್ನು ಅವನೆದುರು ನಿಲ್ಲಿಸಿತು. ಅಮೆರಿಕದಲ್ಲಿಯೇ ೨೦೨೩ರ ಜನವರಿಯಲ್ಲಿ ರಿಯಾನ್ ಜಾನ್ಸನ್ 'ಪೋಕರ್ ಫೇಸ್' ಎಂಬುದನ್ನು ಆರಂಭಿಸಿ, ಆ ಹಳೆಯ ಕಟ್ಟಡದಲ್ಲಿಯೇ ಒಂದು ಗೋಡೆಯನ್ನು ಬದಲಾಯಿಸಿದನು. ಅದರಲ್ಲಿ ಕೊಲೆಯನ್ನು ತೋರಿಸಿದ ಕೂಡಲೇ ಕಥೆ ಕೆಲವು ದಿನ ಹಿಂದಕ್ಕೆ ಹೋಗುತ್ತದೆ. ಚಾರ್ಲಿ ಕೇಲ್ ಎಂಬ ಅಲೆಮಾರಿ ಹೆಂಗಸು ಆ ಊರಿಗೆ ಅದಾಗಲೇ ಬಂದಿದ್ದಳೆಂಬುದು ಆಗ ನಮಗೆ ತಿಳಿಯುತ್ತದೆ. ಮೊದಲ ಕಂತಿನಲ್ಲಿ ಸಾಯುವ ನ್ಯಾಟಲಿ, ಜೂಜುಮನೆಗೆ ಸೇರಿದ ಹೋಟೆಲಿನಲ್ಲಿ ಕೋಣೆಗಳನ್ನು ಗುಡಿಸುವ ಕೆಲಸದವಳು. ಶ್ರೀಮಂತ ಅತಿಥಿಯೊಬ್ಬನ ಘೋರವಾದ ಗುಟ್ಟನ್ನು ಕಂಡು ಮೇಲಿನವರಿಗೆ ತಿಳಿಸಿದ್ದೇ ಅವಳ ಸಾವಿಗೆ ಕಾರಣ. ಕೊಲೆಯನ್ನು ನೋಡಿ ಮುಗಿಸಿದ ನಮಗೆ ಆ ನ್ಯಾಟಲಿಯನ್ನು ಮತ್ತೆ ಜೀವದೊಂದಿಗೆ ತೋರಿಸಿ, ಅವಳು ಗೆಳತಿ ಚಾರ್ಲಿಯೊಡನೆ ಮಾತಾಡುವುದನ್ನು, ತನ್ನ ಮನೆಯ ಕಷ್ಟವನ್ನು ಸಹಿಸುವುದನ್ನು ಸಾವಕಾಶವಾಗಿ ಕಾಣಿಸುತ್ತಾರೆ; ಮೇರಿಯಾನಳಿಗೆ ಸಿಗದೆಹೋದ ಕಾಲಾವಕಾಶ ಸುಮಾರು ಐವತ್ತು ವರ್ಷಗಳ ಅನಂತರ ಈ ಕೆಲಸದವಳಿಗೆ ಸಿಕ್ಕಿತು.